ಸರ್ಟಿಫಿಕೇಟು ಭಾರ ಹೊರುವುದಿಲ್ಲ: ಇಸ್ರೋ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಹಾಗೂ
ಕಾರ್ಯದರ್ಶಿಗಳು, ಬಾಹ್ಯಾಕಾಶ ಇಲಾಖೆ,
ಅಂತರಿಕ್ಷ ಭವನ, ನ್ಯೂ ಬಿಇಎಲ್ ರಸ್ತೆ, ಬೆಂಗಳೂರು.

ವಿಷಯ: ಬಿಡಿಭಾಗಗಳ ತಪಾಸಣೆಯಲ್ಲಿ ವಿನಾಯಿತಿ ಕೊಡಬಾರದೆಂದೂ, ಉಡಾವಣಾ ವೈಫಲ್ಯಗಳ ವರದಿಯನ್ನು ಮೊದಲಿನಂತೆ ಪ್ರಕಟಿಸಬೇಕೆಂದೂ ಕೋರಿ.

ಮಾನ್ಯರೇ,

ನಾನು ಪೀಣ್ಯದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕ್ವಾಲಿಟಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಹೊರಗಿನಿಂದ ಬಂದ ಎರಕ, ರಾಡು, ಬೋಲ್ಟುಗಳನ್ನು ಅಳೆದು, ಎಳೆದು, ಬಣ್ಣ ಹಚ್ಚಿ ನೋಡಿ, ಪಾಸಾದವಕ್ಕೆ ಹಸಿರು ಚೀಟಿಯನ್ನೂ ಆಗದವಕ್ಕೆ ಕೆಂಪು ಚೀಟಿಯನ್ನೂ ಕಟ್ಟುವುದು ನನ್ನ ಕೆಲಸವಾಗಿತ್ತು. ರಾಕೆಟ್ ವಿಜ್ಞಾನ ನನಗೆ ತಿಳಿಯದು. ಆದರೆ ರಾಕೆಟ್ಟಿನೊಳಗೂ ಇರುವುದು ಬೋಲ್ಟು, ಕೊಂಡಿ, ವಾಲ್ವುಗಳೇ ಆದ್ದರಿಂದ, ಅವು ಹೇಗೆ ಮುರಿಯುತ್ತವೆ ಮತ್ತು ಮುರಿಯುವ ಮೊದಲು ಅವುಗಳ ಮೇಲೆ ಯಾರು ಯಾರ ಸಹಿ ಬಿದ್ದಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿರುವುದರಿಂದ, ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

2025ರ ಮೇ 18ರ ಬೆಳಗ್ಗೆ ತಮ್ಮ ಪಿಎಸ್‌ಎಲ್‌ವಿ-ಸಿ61 ರಾಕೆಟ್ಟು ಇಒಎಸ್-09 ಉಪಗ್ರಹವನ್ನು ಕಕ್ಷೆಗೆ ಸೇರಿಸಲಾಗದೆ ವಿಫಲವಾಯಿತು. 2026ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ62 ಕೂಡ ಇಒಎಸ್-ಎನ್1 ಮತ್ತು ಜೊತೆಗಿದ್ದ ಸಣ್ಣ ಉಪಗ್ರಹಗಳನ್ನು ಕಳೆದುಕೊಂಡಿತು. ಎರಡು ಬಾರಿಯೂ ತೊಂದರೆ ಕಾಣಿಸಿಕೊಂಡದ್ದು ಮೂರನೆಯ ಹಂತದಲ್ಲಿ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಬೇರೊಂದು ದೇಶದಲ್ಲಿ ನಡೆದ ಒಂದು ವೈಫಲ್ಯವನ್ನು ಸ್ವಲ್ಪ ವಿವರವಾಗಿ ತಮ್ಮ ಮುಂದಿಡಬೇಕಾಗಿದೆ. ತಮಗೆ ಅದು ತಿಳಿಯದ್ದೇನಲ್ಲ. ಆದರೆ ಈ ಪತ್ರವನ್ನು ಓದುವ ಸಾರ್ವಜನಿಕರಲ್ಲಿ ಹಲವರಿಗೆ ಅದು ಟಿವಿಯಲ್ಲಿ ಕಂಡ ಒಂದು ಹೊಗೆಯ ಉಂಡೆ ಮಾತ್ರ. ನನ್ನ ಕೋರಿಕೆಗೆ ಆಧಾರವಾದದ್ದೂ ಅದೇ.

2015ರ ಜೂನ್ 28, ಭಾನುವಾರ. ಅಮೆರಿಕದ ಫ್ಲಾರಿಡಾದ ಕೇಪ್ ಕೆನಾವೆರಲ್‌ನಿಂದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ರಾಕೆಟ್ಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಹೊತ್ತು ಹೊರಟಿತು. ನಾಸಾ ಜೊತೆಗಿನ ಗುತ್ತಿಗೆಯಲ್ಲಿ ಅದು ಏಳನೆಯ ಸರಬರಾಜು ಯಾನ. ತುದಿಯಲ್ಲಿದ್ದ ಡ್ರ್ಯಾಗನ್ ನೌಕೆಯಲ್ಲಿ ಆಹಾರ, ಪ್ರಯೋಗಗಳ ಪೆಟ್ಟಿಗೆಗಳು, ನಿಲ್ದಾಣದ ದುರಸ್ತಿಗೆ ಬೇಕಾದ ಭಾಗಗಳು, ಅವುಗಳೊಂದಿಗೆ ಮುಂದೆ ಗಗನಯಾತ್ರಿಗಳ ನೌಕೆಗಳು ಬಂದು ಕೂಡಿಕೊಳ್ಳಲು ಬೇಕಾದ ಜೋಡಣೆಯ ಬಾಗಿಲೊಂದು, ಎಲ್ಲ ಸೇರಿ ಎರಡು ಟನ್ನಿಗೂ ಹೆಚ್ಚು ಸರಕಿತ್ತು. ಮೇಲೆದ್ದ 139ನೆಯ ಸೆಕೆಂಡಿಗೆ ಎರಡನೆಯ ಹಂತದ ದ್ರವ ಆಮ್ಲಜನಕದ ಟ್ಯಾಂಕು ಒಳಗಿನ ಒತ್ತಡಕ್ಕೆ ಒಡೆಯಿತು. ತೊಂದರೆಯ ಮೊದಲ ಸುಳಿವಿನಿಂದ ಮಾಹಿತಿ ನಿಂತುಹೋಗುವ ತನಕ ಹಿಡಿದದ್ದು ಒಂದು ಸೆಕೆಂಡಿಗಿಂತ ಕಡಿಮೆ.

ಆ ಟ್ಯಾಂಕಿನೊಳಗೆ ಹೀಲಿಯಂ ತುಂಬಿದ ಸಿಲಿಂಡರುಗಳನ್ನು ಕೂಡಿಸಿರುತ್ತಾರೆ. ದ್ರವ ಖರ್ಚಾದ ಹಾಗೆ ಟ್ಯಾಂಕಿನ ಒತ್ತಡ ಇಳಿಯದಂತೆ ಹೀಲಿಯಂ ಆ ಜಾಗ ತುಂಬುತ್ತದೆ. ಬಾವಿಯಲ್ಲಿ ಖಾಲಿ ಕೊಡವನ್ನು ಒತ್ತಿ ಮುಳುಗಿಸಿದರೆ ಅದು ಹೇಗೆ ಕೈಯನ್ನು ಮೇಲಕ್ಕೆ ನೂಕುತ್ತದೆಯೋ ಹಾಗೆ, ದ್ರವದೊಳಗಿನ ಈ ಸಿಲಿಂಡರುಗಳು ಸದಾ ಮೇಲಕ್ಕೆ ತೇಲಲು ನೋಡುತ್ತಿರುತ್ತವೆ. ರಾಕೆಟ್ಟು ವೇಗ ಹೆಚ್ಚಿಸಿಕೊಳ್ಳುವ ರಭಸ ಏರಿದಷ್ಟೂ ಆ ನೂಕುವಿಕೆ ಹೆಚ್ಚುತ್ತದೆ. ಅಂದು ಅದು ನೆಲದ ಮೇಲಿರುವುದರ ಮೂರು ಪಟ್ಟಿಗೂ ಮೀರಿತ್ತು. ಸಿಲಿಂಡರನ್ನು ಹಿಡಿದಿಟ್ಟಿದ್ದ ಆಧಾರದ ಸಲಾಕೆ ಎರಡು ಅಡಿ ಉದ್ದದ್ದು, ದಪ್ಪವೆಂದರೆ ಒಂದು ಇಂಚು. ಹತ್ತು ಸಾವಿರ ಪೌಂಡು, ಅಂದರೆ ಸುಮಾರು ನಾಲ್ಕೂವರೆ ಟನ್ ಭಾರ ತಡೆಯುತ್ತದೆಂದು ಅದರ ಕಾಗದದಲ್ಲಿತ್ತು. ಕಂಪನಿಯವರೇ ಜುಲೈನಲ್ಲಿ ತಿಳಿಸಿದ ಪ್ರಕಾರ, ಅದು ಕಳಚಿದ್ದು ಎರಡು ಸಾವಿರ ಪೌಂಡಿನ ಆಸುಪಾಸಿನಲ್ಲಿ, ಬರೆದದ್ದರ ಐದನೆಯ ಒಂದು ಪಾಲಿನಲ್ಲಿ.

ಮಾನ್ಯರೇ, ಇಂಥ ಸಲಾಕೆಗಳು ಒಂದೊಂದು ರಾಕೆಟ್ಟಿನಲ್ಲೂ ನೂರಾರು ಇದ್ದವು, ಮತ್ತು ಹದಿನೆಂಟು ಹಾರಾಟಗಳಲ್ಲಿ ಒಂದೂ ತೊಂದರೆ ಕೊಟ್ಟಿರಲಿಲ್ಲ. ಇಷ್ಟು ದಿನ ಏನೂ ಆಗಲಿಲ್ಲವಲ್ಲ ಎಂಬ ಈ ಮಾತನ್ನು ಕ್ವಾಲಿಟಿ ವಿಭಾಗದಲ್ಲಿ ಕೂತವನು ವಾರಕ್ಕೊಮ್ಮೆಯಾದರೂ ಕೇಳುತ್ತಾನೆ. ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಅವರೂ, ಏಳು ವರ್ಷಗಳಲ್ಲಿ ವೈಫಲ್ಯ ಕಾಣದ್ದರಿಂದ ತಮ್ಮಲ್ಲಿ ಸ್ವಲ್ಪ ಮೈಮರೆವು ಬಂದಿರಬಹುದೆಂದು ಒಪ್ಪಿಕೊಂಡರು. ಅಪಘಾತದ ನಂತರ ಉಳಿದ ಸಲಾಕೆಗಳನ್ನು ರಾಶಿರಾಶಿಯಾಗಿ ಎಳೆದು ಪರೀಕ್ಷಿಸಿದಾಗ ಇನ್ನೂ ಕೆಲವು ತಮ್ಮ ಮೇಲೆ ಬರೆದ ಭಾರಕ್ಕಿಂತ ತೀರಾ ಕೆಳಗೆ ಮುರಿದವು. ಇನ್ನು ಮುಂದೆ ಪ್ರತಿಯೊಂದನ್ನೂ ಪರೀಕ್ಷಿಸಿಯೇ ಕೂಡಿಸುತ್ತೇವೆಂದು ಕಂಪನಿ ಹೇಳಿತು. ಅಟ್ಟ ಮೇಲೆ ಒಲೆ ಉರಿಯಿತು.

ಕಂಪನಿಯ ಹೇಳಿಕೆಯಲ್ಲಿ ದೋಷವೆಲ್ಲ ಸಲಾಕೆಯ ಮೇಲೆ, ಅಂದರೆ ಅದನ್ನು ಒದಗಿಸಿದವನ ಮೇಲೆ ಬಿದ್ದಿತ್ತು. ನಾಸಾದ ಸ್ವತಂತ್ರ ಪರಿಶೀಲನಾ ತಂಡ ಬೇರೆಯದೇ ಮಾತು ಹೇಳಿತು. ಅದರ ಸಾರಾಂಶ 2018ರ ಮಾರ್ಚಿನಲ್ಲಿ ಪ್ರಕಟವಾಯಿತು. ಸಲಾಕೆಯ ತುದಿಯ ಕೊಂಡಿ ಸ್ಟೇನ್‌ಲೆಸ್ ಸ್ಟೀಲಿನ ಎರಕ. ವಿಮಾನ ಅಥವಾ ರಾಕೆಟ್ ದರ್ಜೆಯದ್ದಲ್ಲ, ಸಾಮಾನ್ಯ ಕೈಗಾರಿಕೆಯ ದರ್ಜೆಯದ್ದು. ಈ ದರ್ಜೆಯ ಕೊಂಡಿಗೆ ಬರೆದಿರುವ ಶಕ್ತಿಯ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಭಾರ ಹಾಕಬೇಡಿ ಎಂಬ ಅರ್ಥದ ಸೂಚನೆಯನ್ನು ಅದನ್ನು ತಯಾರಿಸಿದವರೇ ಕೊಟ್ಟಿದ್ದರು. ಆ ಸೂಚನೆಯನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಬಂದ ಭಾಗಗಳನ್ನು ಸಾಕಷ್ಟು ಸೋಸಿ ನೋಡಲಿಲ್ಲ. ದ್ರವ ಆಮ್ಲಜನಕದ ಮೈನಸ್ 183 ಡಿಗ್ರಿ ಚಳಿಯಲ್ಲಿ, ಹಾರಾಟದಲ್ಲಿ ಬೀಳುವ ಭಾರದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆಂದು ಸರಿಯಾಗಿ ಪರೀಕ್ಷಿಸಲಿಲ್ಲ. ಆದ್ದರಿಂದ ಇದು ವಿನ್ಯಾಸದ ತಪ್ಪು ಎಂದು ಆ ತಂಡ ಬರೆಯಿತು. ಕೊಂಡಿ ಕಳಪೆಯಿತ್ತೆನ್ನುವುದಕ್ಕೂ, ಕೊಂಡಿಯನ್ನು ನೋಡದೆ ಕೂಡಿಸಿದೆವೆನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ತಪ್ಪು ಗೇಟಿನ ಹೊರಗಿದೆ, ಎರಡನೆಯದರಲ್ಲಿ ಒಳಗಿದೆ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಸಹಿ ನೆನಪಾಯಿತು. ತೊಂಬತ್ತರ ದಶಕದ ಕೊನೆಯ ಮಾತು. ನಾವು ಭಾರ ಎತ್ತುವ ರಾಟೆಗಳಿಗೆ ಕೊಂಡಿ ಜೋಡಿಸಿ ಕಳಿಸುತ್ತಿದ್ದೆವು. ಒಂದು ಶನಿವಾರ ಸಂಜೆ ನಾನೂರು ಎರಕದ ಕೊಂಡಿಗಳು ಬಂದು ಬಿದ್ದವು, ಸೋಮವಾರಕ್ಕೆ ಮಾಲು ಹೊರಡಬೇಕಿತ್ತು, ಲಾರಿಯವನು ಗೇಟಿನ ಹತ್ತಿರ ಬೀಡಿ ಸೇದುತ್ತ ಕಾಯುತ್ತಿದ್ದ. ಎರಕದವರು ಟಿ.ಸಿ., ಅಂದರೆ ಪರೀಕ್ಷೆಯ ಸರ್ಟಿಫಿಕೇಟು ಕಳಿಸಿದ್ದರು, ಹೀಟ್ ನಂಬರು (ಲೋಹ ಯಾವ ಸಲ ಕರಗಿಸಿದ್ದೆಂಬ ಗುರುತು), ಮಿಶ್ರಣ, ತಡೆಯುವ ಭಾರ ಎಲ್ಲವೂ ಟೈಪಾಗಿ, ಕೆಳಗೆ ನೀಲಿ ಮೊಹರು. ಎರಡು ಕೊಂಡಿಗಳನ್ನು ಎಳೆದು ನೋಡಿದೆ, ಎರಡೂ ಚೆನ್ನಾಗಿ ತಡೆದವು. ಉಳಿದವಕ್ಕೆ ಬಣ್ಣದ ಪರೀಕ್ಷೆ ಮಾಡಬೇಕೆಂದೆ. ಕೆಂಪು ದ್ರವ ಬಳಿದು, ಹತ್ತು ಹದಿನೈದು ನಿಮಿಷ ಬಿಟ್ಟು, ಒರೆಸಿ, ಮೇಲೆ ಬಿಳಿ ಪುಡಿ ಎರಚಿದರೆ, ಬಿರುಕಿದ್ದಲ್ಲಿ ಬಿಳಿಯ ಮೇಲೆ ಕುಂಕುಮದ ಗೆರೆ ಎಳೆದ ಹಾಗೆ ಕೆಂಪು ಮೂಡುತ್ತದೆ. ನಾನೂರಕ್ಕೆ ಎರಡು ದಿನ ಹಿಡಿಯುವ ಕೆಲಸ. ಮೇಲಿನವರು ಗದರಲಿಲ್ಲ, ಭುಜದ ಮೇಲೆ ಕೈಯಿಟ್ಟು, "ಟಿ.ಸಿ. ಇದೆಯಲ್ಲ ಮಾರಾಯ, ಎರಡು ಪಾಸಾದವಲ್ಲ, ಅನ್ನಕ್ಕೆ ಒಂದು ಅಗುಳು ನೋಡಿದರೆ ಸಾಲದೇ?" ಎಂದರು. ನಾನು ಸಹಿ ಹಾಕಿದೆ.

ಮೂರು ತಿಂಗಳ ಮೇಲೆ ಗಿರಾಕಿಯ ಷೆಡ್ಡಿನಲ್ಲಿ ಒಂದು ಕೊಂಡಿ ಕಳಚಿ, ಹೆಲ್ಪರ್ ಹುಡುಗನೊಬ್ಬನ ಕಾಲಿನ ಎರಡು ಬೆರಳು ಹೋದವು. ಮುರಿದ ತುಂಡು ವಾಪಸು ಬಂದಾಗ ನೋಡಿದೆ: ಮುರಿತದ ಮುಖದಲ್ಲಿ ಹುಣಸೆಬೀಜದಷ್ಟು ದೊಡ್ಡ ಗಾಳಿಗುಳ್ಳೆ, ಅದರ ಒಂದು ಅಂಚಿನಿಂದ ಹೊರಮೈಗೆ ಬಂದು ಮುಟ್ಟಿದ ಹಳೆಯ ಕಪ್ಪು ಬಿರುಕು. ಬಣ್ಣ ಬಳಿದಿದ್ದರೆ ಕಾಣದೆ ಇರುತ್ತಿರಲಿಲ್ಲ. ಅಗುಳಿನ ಮಾತು ಅನ್ನಕ್ಕೆ ಸರಿ, ಏಕೆಂದರೆ ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ ಒಂದೇ ನೀರಿನಲ್ಲಿ ಬೆಂದಿರುತ್ತವೆ. ಎರಕ ಹಾಗಲ್ಲ, ಒಂದೊಂದು ಅಚ್ಚಿಗೂ ಒಂದೊಂದು ಹಣೆಬರಹ. ಆ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಇವತ್ತಿಗೂ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡಿದ್ದೇನೆ.

ತಪಾಸಣೆ ಬಿಟ್ಟುಹೋಗುವುದು ಸಾಮಾನ್ಯವಾಗಿ ಹೀಗೆಯೇ. ಪರೀಕ್ಷೆ ಮಾಡಬೇಡ ಎಂದು ಯಾರೂ ಬರೆದು ಕೊಡುವುದಿಲ್ಲ. ಕಾಗದವೊಂದು ಪರೀಕ್ಷೆಯ ಜಾಗಕ್ಕೆ ಬಂದು ಕೂರುತ್ತದೆ. ಅಮೆರಿಕದಲ್ಲೂ ಯಾರೋ ಕಳ್ಳತನ ಮಾಡಿದ್ದರೆಂದು ನಾನು ಭಾವಿಸುವುದಿಲ್ಲ. ಹತ್ತು ಸಾವಿರ ಪೌಂಡು ಎಂದು ಬರೆದಿರುವಾಗ ಬೀಳುವುದು ಎರಡು ಸಾವಿರ ತಾನೇ ಎಂದು ಒಳ್ಳೆಯ ಎಂಜಿನಿಯರುಗಳೇ ಸಮಾಧಾನ ಪಟ್ಟುಕೊಂಡಿರಬೇಕು.

ಸರಬರಾಜು ಯಾನಗಳ ವಿಷಯದಲ್ಲಿ ಈ ಸಮಾಧಾನ ಇನ್ನೂ ಬೇಗ ಬರುತ್ತದೆ, ಏಕೆಂದರೆ ಒಳಗೆ ಮನುಷ್ಯರಿಲ್ಲ. ಆ ಎಂಟು ತಿಂಗಳಲ್ಲಿ ನಿಲ್ದಾಣಕ್ಕೆ ಹೊರಟ ಮೂರು ಸಾಮಾನು ನೌಕೆಗಳು ಹೋದವು. 2014ರ ಅಕ್ಟೋಬರ್ 28ರಂದು ವರ್ಜೀನಿಯಾದ ವಾಲಪ್ಸ್ ದ್ವೀಪದಿಂದ ಎದ್ದ ಆಂಟಾರಿಸ್ ರಾಕೆಟ್ಟು ಹದಿನೈದು ಸೆಕೆಂಡಿನಲ್ಲೇ ಕುಸಿದು ಉಡಾವಣಾ ಕಟ್ಟೆಯ ಪಕ್ಕದಲ್ಲಿ ಸ್ಫೋಟಿಸಿತು. ಅದರ ಎಂಜಿನುಗಳು ಸೋವಿಯತ್ ಕಾಲದ ಚಂದ್ರಯಾನ ರಾಕೆಟ್ಟಿಗೆಂದು ನಲವತ್ತು ವರ್ಷಗಳ ಹಿಂದೆ ಮಾಡಿಟ್ಟವು. ಅದೇ ವರ್ಷದ ಮೇ ತಿಂಗಳಲ್ಲಿ ಅಂಥದೊಂದು ಎಂಜಿನು ಪರೀಕ್ಷಾ ಕಟ್ಟೆಯ ಮೇಲೆಯೇ ಒಡೆದಿತ್ತು. ಎಂಜಿನುಗಳನ್ನು ಒಪ್ಪಿಕೊಳ್ಳುವಾಗ ಮಾಡುತ್ತಿದ್ದ ಪರೀಕ್ಷೆ ದೋಷ ಹಿಡಿಯಲು ಸಾಲದಾಗಿತ್ತೆಂದು ನಾಸಾ ತಂಡ ಮರುವರ್ಷ ಹೇಳಿತು. 2015ರ ಏಪ್ರಿಲ್ 28ರಂದು ರಷ್ಯಾದ ಪ್ರೋಗ್ರೆಸ್ ನೌಕೆ ರಾಕೆಟ್ಟಿನಿಂದ ಬೇರ್ಪಡುವಾಗ ಕೆಟ್ಟು, ಹತೋಟಿ ತಪ್ಪಿ ಉರುಳುತ್ತ, ಕೆಲವು ದಿನಗಳಲ್ಲಿ ಸುಟ್ಟುಹೋಯಿತು. ಜೂನ್ 28ರದ್ದು ಮೂರನೆಯದು. ದಕ್ಷಿಣ ಕೆರೊಲಿನಾದ ಶಾಲಾ ಮಕ್ಕಳ ಪ್ರಯೋಗವೊಂದು ಆಂಟಾರಿಸ್‌ನಲ್ಲಿ ಸುಟ್ಟು, ಅವರು ಮತ್ತೆ ಸಿದ್ಧಪಡಿಸಿ ಕಳಿಸಿದ್ದು ಫಾಲ್ಕನ್ನಿನಲ್ಲೂ ಸುಟ್ಟಿತು.

ಇದಾದ ಮೇಲೂ 2016ರ ಡಿಸೆಂಬರ್ 1ರಂದು ಇನ್ನೊಂದು ಪ್ರೋಗ್ರೆಸ್ ನೌಕೆ, ಮೂರನೆಯ ಹಂತದ ಎಂಜಿನು ಕೆಟ್ಟು, ಸೈಬೀರಿಯಾದ ತುವಾ ಪ್ರದೇಶದ ಮೇಲೆ ಚೂರಾಯಿತು. ಎಂಜಿನಿನ ಪಂಪಿಗೆ ಹೊರಗಿನ ಕಣ ಸೇರಿರಬಹುದು ಅಥವಾ ಜೋಡಣೆಯಲ್ಲಿ ಕ್ರಮ ತಪ್ಪಿರಬಹುದು ಎಂದು ಆಯೋಗ ಹೇಳಿತು. ಮರು ತಿಂಗಳು ವರೊನೆಜ್ ಊರಿನ ಎಂಜಿನು ಕಾರ್ಖಾನೆಯಲ್ಲಿ ನಿಗದಿಯಾದ ಬೆಸುಗೆ ಲೋಹದ ಬದಲು ಬೇರೆಯದನ್ನು ಬಳಸಿದ್ದು ಬಯಲಾಗಿ, ಎಪ್ಪತ್ತಕ್ಕೂ ಹೆಚ್ಚು ಎಂಜಿನುಗಳನ್ನು ವಾಪಸು ತರಿಸಿ ಬಿಚ್ಚಿ ನೋಡಬೇಕಾಯಿತು. ಎಪ್ಪತ್ತು ಎಂಜಿನುಗಳ ಕಡತಗಳಲ್ಲಿ ಎಷ್ಟು ಹಸಿರು ಚೀಟಿಗಳಿದ್ದವೋ ಎಂದು ನನ್ನಂಥವನಿಗೆ ಮೊದಲು ಹೊಳೆಯುತ್ತದೆ.

ಸರಕು ತಾನೇ ಹೋಯಿತು, ಇನ್ನೊಂದು ಕಳಿಸಿದರಾಯಿತು ಎನ್ನುವವರಿಗೆ ಫಾಲ್ಕನ್ ಅಪಘಾತದ ಲೆಕ್ಕವೇ ಉತ್ತರ. ನಾಸಾದ ಲೆಕ್ಕತಪಾಸಣಾ ಕಚೇರಿ 2016ರಲ್ಲಿ ಆ ಒಂದು ಯಾನದ ಸರಕಿನ ಮೌಲ್ಯವನ್ನು 11.8 ಕೋಟಿ ಡಾಲರ್ ಎಂದು ಹೇಳಿತು. ಅದಕ್ಕಿಂತ ಹೆಚ್ಚು ಕಾಡಿದ್ದು ಆ ಬಾಗಿಲು. ಕಳೆದುಹೋದದ್ದಕ್ಕೆ ಬದಲಾಗಿ ಇನ್ನೊಂದನ್ನು ಕಟ್ಟಿ ಮೇಲೆ ಕಳಿಸಲು ಸಾಧ್ಯವಾದದ್ದು 2019ರ ಜುಲೈನಲ್ಲಿ, ನಾಲ್ಕು ವರ್ಷಗಳ ಮೇಲೆ. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅವರಿದ್ದ ನೌಕೆ 2025ರ ಜೂನ್ 26ರಂದು ಹೋಗಿ ಕೂಡಿಕೊಂಡದ್ದು ಆ ಬದಲಿ ಬಾಗಿಲಿಗೇ. ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಕಳಿಸಿದ ಹೆಸರುಕಾಳು, ಮೆಂತ್ಯ ಕೂಡ ಹೋಗಿ ಅಲ್ಲಿ ಮೊಳಕೆಯೊಡೆದವು. ನಮ್ಮ ಹೆಸರುಕಾಳು ದಾಟಿದ ಹೊಸ್ತಿಲಿನ ಹಿಂದೆ, ಯಾರೋ ಎಳೆದು ನೋಡದೆ ಕೂಡಿಸಿದ ಒಂದಿಂಚಿನ ಸಲಾಕೆಯ ಕೊಂಡಿಯ ಕಥೆಯಿದೆ.

ಶುಕ್ಲಾ ಅವರ ಈ ಯಾನದಲ್ಲಿ ತಮ್ಮ ಸಂಸ್ಥೆ ನಡೆದುಕೊಂಡ ರೀತಿಯನ್ನು ಇಲ್ಲಿ ನೆನೆಯದಿದ್ದರೆ ನಾನು ಕೃತಘ್ನನಾಗುತ್ತೇನೆ. ಜೂನ್ 11ಕ್ಕೆ ನಿಗದಿಯಾಗಿದ್ದ ಆ ಉಡಾವಣೆಗೆ ಮುಂಚೆ, ಕಟ್ಟೆಯ ಮೇಲೆ ಎಂಜಿನು ಹೊತ್ತಿಸಿ ನೋಡಿದ ನಂತರ, ದ್ರವ ಆಮ್ಲಜನಕ ಸೋರುತ್ತಿರುವುದು ತಿಳಿದುಬಂತು. ಸೋರಿಕೆಯನ್ನು ಪೂರ್ತಿ ಸರಿಪಡಿಸಿ, ಮತ್ತೆ ಪರೀಕ್ಷಿಸಿದ ಹೊರತು ಹಾರುವುದು ಬೇಡವೆಂದು ನಮ್ಮ ತಂಡ ಪಟ್ಟು ಹಿಡಿಯಿತೆಂದೂ, ಬಿಚ್ಚಿ ನೋಡಿದಾಗ ಕೊಳವೆಯಲ್ಲಿ ಬಿರುಕು ಸಿಕ್ಕಿತೆಂದೂ ತಾವೇ ಆಮೇಲೆ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಉಡಾವಣೆ ಜೂನ್ 25ಕ್ಕೆ ಹೋಯಿತು, ಜಗತ್ತು ಮುಳುಗಲಿಲ್ಲ. ಪರದೇಶದ, ಹಣ ಕೊಟ್ಟು ಸೀಟು ಪಡೆದ ರಾಕೆಟ್ಟಿನ ಮುಂದೆ ನಿಂತು ಬೇಡ ಎನ್ನುವುದು ಸಣ್ಣ ಮಾತಲ್ಲ. ಆ ದಿನ ನನಗೆ ತಮ್ಮ ತಂಡದವರ ಕೈ ಕುಲುಕಬೇಕೆನಿಸಿತ್ತು.

ಆದ್ದರಿಂದಲೇ ನನ್ನ ಆಕ್ಷೇಪಣೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಂಥ ನಿಷ್ಠುರತೆಯನ್ನು ಪರರ ರಾಕೆಟ್ಟಿನ ಮೇಲೆ ತೋರಿದ ಸಂಸ್ಥೆ, ತನ್ನ ರಾಕೆಟ್ಟಿನ ವಿಷಯದಲ್ಲಿ ಈಗ ಬಾಯಿ ಬಿಡುತ್ತಿಲ್ಲ. ಸಿ61 ವಿಫಲವಾದಾಗ ಮೂರನೆಯ ಹಂತದ ಮೋಟಾರಿನ ಒಳ ಒತ್ತಡ ಕುಸಿಯಿತೆಂದು ತಾವು ಅಂದೇ ತಿಳಿಸಿದಿರಿ, ಸಮಿತಿಯೂ ರಚನೆಯಾಯಿತು. ಆದರೆ ಆ ಸಮಿತಿ ಕಂಡುಕೊಂಡದ್ದೇನು, ಒತ್ತಡ ಏಕೆ ಕುಸಿಯಿತು, ಏನನ್ನು ಬದಲಿಸಲಾಯಿತು ಎಂಬ ವರದಿ ಜನರ ಕೈಗೆ ಬಾರದೆಯೇ ಎಂಟು ತಿಂಗಳಲ್ಲಿ ಸಿ62 ಕಟ್ಟೆಯ ಮೇಲೆ ನಿಂತಿತು. ಅದೂ ಮೂರನೆಯ ಹಂತದಲ್ಲೇ ಎಡವಿತು. ಈ ಎರಡರಲ್ಲಿ ತಪಾಸಣೆ ತಪ್ಪಿತೆಂದು ನಾನು ಹೇಳುತ್ತಿಲ್ಲ, ಹೇಳಲು ನನ್ನ ಬಳಿ ಯಾವ ಆಧಾರವೂ ಇಲ್ಲ. ತಪ್ಪಿಲ್ಲವೆಂದು ಹೇಳಲೂ ಹೊರಗಿನ ಯಾರ ಬಳಿಯೂ ಆಧಾರವಿಲ್ಲದಂತಾಗಿದೆ ಎಂಬುದೇ ನನ್ನ ದೂರು.

ಇದು ಇಸ್ರೋದ ಹಳೆಯ ರೂಢಿಯಲ್ಲ. 2006ರ ಜುಲೈ 10ರಂದು ಜಿಎಸ್‌ಎಲ್‌ವಿ-ಎಫ್02 ರಾಕೆಟ್ಟು ಇನ್ಸಾಟ್-4ಸಿ ಉಪಗ್ರಹದೊಂದಿಗೆ ಬಂಗಾಳ ಕೊಲ್ಲಿಗೆ ಬಿದ್ದಾಗ, ಪಕ್ಕದ ನಾಲ್ಕು ಎಂಜಿನುಗಳಲ್ಲೊಂದರ ಇಂಧನ ನಿಯಂತ್ರಕದ ತಯಾರಿಕೆಯಲ್ಲಿ ಅರಿಯದೆ ಆದ ತಪ್ಪು, ನಂತರದ ತಪಾಸಣೆ ಮತ್ತು ಒಪ್ಪಿಗೆಯ ಪರೀಕ್ಷೆಗಳ ಕಣ್ಣನ್ನೂ ತಪ್ಪಿಸಿಕೊಂಡಿತೆಂದು ಸಮಿತಿ ಕಂಡುಕೊಂಡದ್ದನ್ನು ಸಂಸ್ಥೆ ತಾನಾಗಿಯೇ ಪ್ರಕಟಿಸಿತು. ಆ ಪ್ರಕಟಣೆಯನ್ನು ನಮ್ಮ ಕಾರ್ಖಾನೆಯ ಕ್ವಾಲಿಟಿ ಕೋಣೆಯ ಗೋಡೆಗೆ ನಾನೇ ಅಂಟಿಸಿದ್ದೆ. ಇಸ್ರೋದವರೇ ತಪಾಸಣೆಯಲ್ಲಿ ತಪ್ಪಿತೆಂದು ಒಪ್ಪಿಕೊಂಡಿದ್ದಾರೆ, ನಾವು ಯಾವ ಲೆಕ್ಕ ಎಂದು ಹುಡುಗರಿಗೆ ತೋರಿಸುತ್ತಿದ್ದೆ. 2021ರ ಆಗಸ್ಟ್ 12ರ ಜಿಎಸ್‌ಎಲ್‌ವಿ-ಎಫ್10 ವೈಫಲ್ಯಕ್ಕೆ ಜಲಜನಕದ ಟ್ಯಾಂಕಿನ ವಾಲ್ವೊಂದರ ಸೋರಿಕೆ ಕಾರಣವೆಂದು ಹೇಳಿದಿರಿ. 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿ ಎಂಬ ಸಣ್ಣ ರಾಕೆಟ್ಟಿನ ಮೊದಲ ಹಾರಾಟ ವಿಫಲವಾದಾಗ, ಎರಡನೆಯ ಹಂತ ಕಳಚುವ ಹೊತ್ತಿನ ಅಲುಗಾಟದಿಂದ ವೇಗದ ಏರಿಳಿತ ಅಳೆಯುವ ಉಪಕರಣಗಳು ಹೇಗೆ ದಿಕ್ಕು ತಪ್ಪಿದವೆಂದು ಸಾಮಾನ್ಯನಿಗೂ ತಿಳಿಯುವಷ್ಟು ವಿವರವಾಗಿ ಬರೆದಿರಿ. ಅಂಥ ಬರವಣಿಗೆಗಳಿಂದ ಸಂಸ್ಥೆಯ ಮರ್ಯಾದೆ ಕುಗ್ಗಲಿಲ್ಲ, ಹೆಚ್ಚಿತು. 2025ರಲ್ಲಿ ಆ ರೂಢಿ ಏಕೆ ನಿಂತಿತು?

ಉಪಗ್ರಹದ ಉದ್ದೇಶ ದೇಶದ ಭದ್ರತೆಗೆ ಸಂಬಂಧಿಸಿದ್ದಿರಬಹುದು ಎಂದು ಕೆಲವರು ಸಮರ್ಥಿಸುತ್ತಾರೆ. ಉಪಗ್ರಹದ ಕಣ್ಣು ಏನನ್ನು ನೋಡುತ್ತದೆಂದು ಯಾರೂ ಕೇಳುತ್ತಿಲ್ಲ. 1993ರಿಂದ ಹಾರುತ್ತಿರುವ ರಾಕೆಟ್ಟಿನ ಮೋಟಾರು ಏಕೆ ಸೋತಿತೆಂಬುದು ಎಷ್ಟು ಗುಟ್ಟಾಗಬಲ್ಲದು?

ಈ ಮಾತು ಈಗಲೇ ಏಕೆಂದರೆ, ಪಿಎಸ್‌ಎಲ್‌ವಿ ತಯಾರಿಕೆ ಎಚ್‌ಎಎಲ್ ಮತ್ತು ಎಲ್ ಆಂಡ್ ಟಿ ಜೋಡಿಯ ಕೈಗೆ, ಎಸ್‌ಎಸ್‌ಎಲ್‌ವಿ ಎಚ್‌ಎಎಲ್ ಕೈಗೆ ಹೋಗುತ್ತಿರುವ ಕಾಲವಿದು. ಅವರಿಂದ ಕೆಲಸ ಪೀಣ್ಯದಂಥ ಜಾಗಗಳ ಸಣ್ಣ ಷೆಡ್ಡುಗಳಿಗೆ ಇಳಿಯುತ್ತದೆ. ಇಳಿಯಲಿ, ನಮ್ಮ ಹುಡುಗರ ಕೈಗೆ ಆ ಕಸುಬು ಖಂಡಿತ ಇದೆ. ಆದರೆ ಒಂದೊಂದು ಮೆಟ್ಟಿಲು ಇಳಿದಾಗಲೂ ಭಾಗದ ಜೊತೆ ಒಂದೊಂದು ಕಾಗದ ಹುಟ್ಟುತ್ತದೆ, ಮತ್ತು ಮೇಲಿನವನು ಭಾಗವನ್ನು ನೋಡುವ ಬದಲು ಕಾಗದವನ್ನು ನೋಡತೊಡಗುತ್ತಾನೆ. ಗಗನಯಾನ ಮುಂದಿದೆ. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವನ್ನು 2028ಕ್ಕೆ, ಪೂರ್ತಿ ನಿಲ್ದಾಣವನ್ನು 2035ಕ್ಕೆ ಕಟ್ಟುವುದಾಗಿ ಸರ್ಕಾರ ಹೇಳಿದೆ. ನಿಲ್ದಾಣವೆಂದ ಮೇಲೆ ಅದಕ್ಕೆ ಅನ್ನ, ನೀರು, ಗಾಳಿ, ಬಿಡಿಭಾಗ ಹೊತ್ತೊಯ್ಯುವ ನೌಕೆಗಳು ವರ್ಷಕ್ಕೆ ಹಲವು ಬಾರಿ ಹೋಗಲೇಬೇಕು. ಅವುಗಳಲ್ಲಿ ಮನುಷ್ಯರಿರುವುದಿಲ್ಲ. ದಿನಾಂಕದ ಒತ್ತಡ ಮಾತ್ರ ಇದ್ದೇ ಇರುತ್ತದೆ, ಲಾರಿಯವನು ಗೇಟಿನ ಹತ್ತಿರ ಕಾಯುತ್ತಿರುವ ಹಾಗೆ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇವು. ಸಿ61 ಮತ್ತು ಸಿ62ರ ವೈಫಲ್ಯ ವಿಶ್ಲೇಷಣಾ ಸಮಿತಿಗಳು ಕಂಡುಕೊಂಡದ್ದನ್ನು, ಮುಚ್ಚಿಡಲೇಬೇಕಾದ ಭಾಗವಿದ್ದರೆ ಅದನ್ನು ಬಿಟ್ಟು, 2006ರಲ್ಲಿ ಪ್ರಕಟಿಸಿದಂತೆ ಪ್ರಕಟಿಸಬೇಕು. ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬಂದರೆ ಇಲ್ಲಿನ ಷೆಡ್ಡುಗಳ ಹುಡುಗರೂ ಓದುತ್ತಾರೆ. ಯಾವ ಭಾಗ ಮುರಿದರೆ ರಾಕೆಟ್ಟೇ ಹೋಗುತ್ತದೆಯೋ ಅಂಥ ಪ್ರತಿಯೊಂದು ಭಾಗವನ್ನೂ, ಮಾದರಿಗೊಂದೆರಡಲ್ಲ, ಒಂದೊಂದನ್ನೂ, ಅದು ಕೆಲಸ ಮಾಡುವ ಚಳಿಯಲ್ಲೇ ಭಾರ ಹಾಕಿ ನೋಡಿದ ದಾಖಲೆಯಿಲ್ಲದೆ ಜೋಡಣೆಗೆ ಬಿಡಬಾರದು. ತಯಾರಿಕೆ ಯಾರ ಕೈಗೆ ಹೋದರೂ ಈ ಷರತ್ತು ಗುತ್ತಿಗೆಯಲ್ಲೇ ಇರಬೇಕು. ಸರಬರಾಜು ನೌಕೆಗಳಿಗೆ ಗಗನಯಾತ್ರಿಗಳ ನೌಕೆಗಿಂತ ಸಡಿಲವಾದ ಬೇರೆ ಪಟ್ಟಿ ಮಾಡಬಾರದು.

ತನಿಖೆಯ ಬಗ್ಗೆಯೂ ಒಂದು ಮಾತಿದೆ. ಫಾಲ್ಕನ್ ಅಪಘಾತದ ತನಿಖೆಯನ್ನು ಕಂಪನಿಯೇ ನಡೆಸಿತು, ತಂಡದ ಬಹುಪಾಲು ಸದಸ್ಯರು ಕಂಪನಿಯ ನೌಕರರೇ ಎಂಬುದನ್ನು ನಾಸಾದ ಲೆಕ್ಕತಪಾಸಕರು ಎತ್ತಿ ತೋರಿಸಿದ್ದರು. ವಿನ್ಯಾಸದ ತಪ್ಪು ಎಂಬ ಮಾತು ಹೊರಗಿನ ತಂಡದಿಂದ ಬಂತೇ ಹೊರತು ಒಳಗಿನದರಿಂದ ಬರಲಿಲ್ಲ. ನಮ್ಮಲ್ಲಿಯೂ ಮುಂದೆ ಖಾಸಗಿಯವರು ಹಾರಿಸಿದ ರಾಕೆಟ್ಟು ಬಿದ್ದರೆ ಅದನ್ನು ಅವರೇ ವಿಚಾರಿಸಿಕೊಂಡು ಅವರೇ ಮುಗಿಸುವಂತಾಗಬಾರದು. ಇಸ್ರೋದ ರಾಕೆಟ್ಟೇ ಬಿದ್ದರೂ ಸಮಿತಿಯಲ್ಲಿ ಆ ಯೋಜನೆಗೆ ಕೈ ಹಾಕದ ಹೊರಗಿನವರು ಹೆಚ್ಚಿರಬೇಕು.

ಕೊನೆಯದು, ನನ್ನಂಥವರ ಪರವಾಗಿ. ಕೆಂಪು ಚೀಟಿ ಕಟ್ಟುವವನು ಯಾರ ಕೈಕೆಳಗಿದ್ದಾನೆ ಎಂಬುದರ ಮೇಲೆ ಆ ಚೀಟಿ ಎಷ್ಟು ಹೊತ್ತು ನಿಲ್ಲುತ್ತದೆಂಬುದು ನಿರ್ಧಾರವಾಗುತ್ತದೆ. ಗಡುವು ಮುಟ್ಟಿಸುವ ಹೊಣೆ ಹೊತ್ತ ಅಧಿಕಾರಿಗೇ ತಪಾಸಕನೂ ಉತ್ತರ ಕೊಡಬೇಕಾದರೆ ಚೀಟಿ ಸಂಜೆಯೊಳಗೆ ಹಸಿರಾಗುತ್ತದೆ. ಇಸ್ರೋ ಕೇಂದ್ರಗಳಲ್ಲಿ ಗುಣಮಟ್ಟದ ವಿಭಾಗ ಬೇರೆಯೇ ಇದೆಯೆಂದು ಬಲ್ಲೆ. ತಮಗೆ ಭಾಗ ಒದಗಿಸುವ ಸಣ್ಣ ಕಾರ್ಖಾನೆಗಳ ತಪಾಸಕನಿಗೂ, ಮಾಲೀಕನನ್ನು ದಾಟಿ ನೇರವಾಗಿ ಆ ವಿಭಾಗಕ್ಕೆ ಬರೆಯುವ ಒಂದು ದಾರಿಯನ್ನು, ಬರೆದದ್ದಕ್ಕೆ ಕೆಲಸ ಹೋಗದೆಂಬ ಭರವಸೆಯನ್ನು ಒದಗಿಸಿಕೊಡಬೇಕು. ಆ ಶನಿವಾರ ನನಗೆ ಅಂಥದೊಂದು ದಾರಿ ಇರಲಿಲ್ಲ.

ಡ್ರಾಯರಿನಲ್ಲಿರುವ ಆ ಮುರಿದ ಕೊಂಡಿಯನ್ನು ತಮ್ಮ ಕಚೇರಿಗೆ ತಂದು ತೋರಿಸಲು ಅಪ್ಪಣೆಯಾದರೆ ಯಾವ ದಿನವಾದರೂ ಬರುತ್ತೇನೆ. ನಮ್ಮ ಮನೆಯಿಂದ ನ್ಯೂ ಬಿಇಎಲ್ ರಸ್ತೆಗೆ ಒಂದೇ ಬಸ್ಸು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕ್ವಾಲಿಟಿ ಇನ್‌ಸ್ಪೆಕ್ಟರ್,
ಪೀಣ್ಯ, ಬೆಂಗಳೂರು